ತಟ್ಟಿ ನೋಡುವ ಚಿಕ್ಕಮಾವ

ನಮ್ಮ ಚಿಕ್ಕಮಾವನವರಿಗೆ ಮನುಷ್ಯರ ಮೇಲೆ ಪ್ರೀತಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಅವರು ಮೊದಲು ಪಾತ್ರೆಗಳ ಯೋಗಕ್ಷೇಮ ವಿಚಾರಿಸಿ, ಆಮೇಲೆ ಸಮಯ ಉಳಿದರೆ ಮನುಷ್ಯರ ಕಡೆ ತಿರುಗುತ್ತಾರೆ! ಯಾರ ಮನೆಗೇ ಹೋಗಲಿ, ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ. ಶೆಲ್ಫಿನ ಮುಂದೆ ನಿಂತು, ಬೆರಳು ಮಡಚಿ, ಗೆಣ್ಣಿನಿಂದ ಎಲ್ಲ ಪಾತ್ರೆಗಳ ಬೆನ್ನಿಗೆ ಸಾಲಾಗಿ ಟಕ್ ಟಕ್ ಎಂದು ತಟ್ಟುತ್ತಾ, ತಲೆ ಓರೆ ಮಾಡಿ ಶಬ್ದ ಕೇಳುತ್ತಾ ಹೋಗುತ್ತಾರೆ. ಸ್ಟೀಲ್ ಕಂಡರೆ ಮೂಗು ಮುರಿಯುತ್ತಾರೆ. ಅಲ್ಯೂಮಿನಿಯಂ ಕಂಡರೆ ಮುಖ ಆ ಕಡೆ ತಿರುಗಿಸುತ್ತಾರೆ. ನಾನ್‌ಸ್ಟಿಕ್ ಕಂಡರೆ, "ಮನೇಲಿ ಯಾರಿಗೆ ಉಷಾರಿಲ್ಲ?" ಎಂದು ಕೇಳುತ್ತಾರೆ. ತಾಮ್ರ ಕಂಡರೆ ಮಾತ್ರ ನಿಂತುಬಿಡುತ್ತಾರೆ. ಆಗ ಆ ಮನೆಯವರು ಅರ್ಧ ದಿನದ ಆಸೆ ಬಿಡಬೇಕು.

ಇಷ್ಟು ಧೈರ್ಯವಾಗಿ ಹೇಗೆ ಬರೆಯುತ್ತೀಯ, ಅವರು ಓದಿದರೆ ಏನು ಗತಿ ಎಂದು ನೀವು ಕೇಳಬಹುದು. ಓದುವುದಿಲ್ಲ! ನನ್ನ ಗಂಡನ ಮನೆಯವರು ತಲೆಮಾರುಗಳಿಂದ ಈ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲೇ ಬೇರು ಬಿಟ್ಟ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮನೆಯೊಳಗಿನ ಕನ್ನಡದಲ್ಲೂ ಅರ್ಧ ತಮಿಳೇ, ಅದರ ರಾಗವಂತೂ ಪೂರ್ತಿ ತಮಿಳು. ಕನ್ನಡ ಅಕ್ಷರ ಮಾತ್ರ ಅವರಲ್ಲಿ ಒಬ್ಬರಿಗೂ ಬಾರದು. ತುಮಕೂರಿನಿಂದ ಬಂದ ಸೊಸೆ ನಾನೊಬ್ಬಳೇ ಅದನ್ನು ಓದಿ ಬರೆಯಬಲ್ಲವಳು. ಹೀಗಾಗಿ ನಾನು ಅವರೆಲ್ಲರ ಮೇಲೆ ಅವರ ಕಣ್ಣೆದುರಿಗೇ ಕೂತು ಏನು ಬೇಕಾದರೂ ಬರೆಯಬಹುದು. ಈ ಪ್ರಬಂಧದ ಅರ್ಧವನ್ನು ಬರೆದದ್ದು ಚಿಕ್ಕಮಾವನವರ ಪಕ್ಕದಲ್ಲೇ. "ಏನ್ ಕಣ್ಣು, ಕಾಲೇಜು ಕೆಲಸವಾ?" ಎಂದರು. ಕಾಲೇಜಿನಲ್ಲಿ ಪಾಠ ಹೇಳುವವಳು ನಾನು, ಹೌದು ಎಂದೆ.

"ಕಣ್ಣು" ಎಂದರೆ ನಾನು. ಕೊಂಗು ಎನ್ನುವ ಈ ಸೀಮೆಯಲ್ಲಿ ಚಿಕ್ಕವರನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. ಮೊದಮೊದಲು ನನ್ನ ಕಣ್ಣಿಗೆ ಏನೋ ಆಗಿದೆಯೆಂದು ಕನ್ನಡಿ ನೋಡಿಕೊಂಡಿದ್ದೆ.

ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ. ಮಾವನವರು ಈಗಿಲ್ಲ. ಅಣ್ಣತಮ್ಮಂದಿರು ಧಾರಾಪುರಂನಲ್ಲಿ ಬೇಸಾಯ ಬಿಟ್ಟು ನೀರೆತ್ತುವ ಮೋಟರಿನ ವ್ಯಾಪಾರ ಮಾಡಿದವರು. ಅದನ್ನು ಮಗನ ಕೈಗೆ ಕೊಟ್ಟ ಮೇಲೆ ಚಿಕ್ಕಮಾವನವರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮನುಷ್ಯ ಕೂರಬೇಕು ತಾನೆ? ಈ ಮನುಷ್ಯ ಕೂರುವುದೇ ಇಲ್ಲ! ಕುರ್ಚಿ ತೋರಿಸಿದರೆ ಅದರ ಬೆನ್ನು ಹಿಡಿದು ನಿಲ್ಲುತ್ತಾರೆ. ಕಾಫಿಯನ್ನು ನಡುಮನೆಯಲ್ಲಿ ಶುರು ಮಾಡಿ, ವರಾಂಡದಲ್ಲಿ ಮುಂದುವರಿಸಿ, ಹಿತ್ತಲಲ್ಲಿ ಮುಗಿಸಿ, ಲೋಟವನ್ನು ಬಾವಿಕಟ್ಟೆಯ ಮೇಲೆ ಮರೆತು ಬರುತ್ತಾರೆ. ಟಿ.ವಿ.ಯನ್ನು ಬಾಗಿಲಲ್ಲಿ ನಿಂತೇ ನೋಡುತ್ತಾರೆ. ಊಟಕ್ಕೆ ಕೂರಿಸಿದರೆ, ರಸಕ್ಕೂ ಮಜ್ಜಿಗೆಗೂ ನಡುವೆ ಎದ್ದು ಹೋಗಿ ರಸ ಯಾವುದರಲ್ಲಿ ಕುದಿದಿತ್ತು ಎಂದು ನೋಡಿಕೊಂಡು ಬರುತ್ತಾರೆ.

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಅಯಸ್ಕಾಂತ. ಹಳೇ ಮೋಟರಿನಿಂದ ಬಿಚ್ಚಿಕೊಂಡದ್ದು, ಅಂಗೈಯಷ್ಟಿದೆ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲವಲ್ಲ, ಅದಕ್ಕೆ. ಆದರೆ ತಾಮ್ರವೊಂದನ್ನು ಬಿಟ್ಟು ಲೋಕದ ಉಳಿದೆಲ್ಲವೂ ಆ ಜೇಬಿಗೆ ಅಂಟಿಕೊಳ್ಳುತ್ತದೆ! ಬೀಗದ ಕೈ, ಹೇರ್‌ಪಿನ್ನು, ಕಾಫಿ ಕೊಡಲು ಹೋದವರ ಸ್ಟೀಲ್ ಚಮಚ... ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತರೆ ಇಳಿಯುವ ಸ್ಟಾಪು ಬಂದಾಗ ಕಂಡಕ್ಟರು ಬಂದು ಬಿಡಿಸಬೇಕು ಎನ್ನುತ್ತಾರೆ ಅವರ ಹೆಂಡತಿ, ನಮ್ಮ ಚಿಕ್ಕತ್ತೆ. ಅದು ಚಿಕ್ಕತ್ತೆಯ ಉತ್ಪ್ರೇಕ್ಷೆ. ನಾನು ನೋಡಿದ ಸಲ ಅವರೇ ಬಿಡಿಸಿಕೊಂಡರು.

ಮದುವೆಯಾಗಿ ನಾವು ಆರ್.ಎಸ್. ಪುರಂನ ಬಾಡಿಗೆ ಮನೆಯಲ್ಲಿ ಒಲೆ ಹೂಡಿದ ಹೊಸತು. ಆನ್‌ಲೈನಿನಲ್ಲಿ ಆಸೆಪಟ್ಟು ತರಿಸಿದ ಒಂದು ತಾಮ್ರದ ಜಗ್ ನನ್ನ ಬಳಿ ಇತ್ತು. ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಚಿಕ್ಕಮಾವನವರಿಗೆ ನನ್ನ ಮೇಲೆ ಒಳ್ಳೆ ಅಭಿಪ್ರಾಯ ಬರಲೆಂದು ಅದನ್ನೇ ಎದುರಿಗಿಟ್ಟೆ. ಅವರು ಜೇಬಿಗೆ ಕೈ ಹಾಕಿದರು. ಅಯಸ್ಕಾಂತ ಹತ್ತಿರ ಹೋಗಿದ್ದೇ ತಡ, ಜಗ್ಗೇ ಎದ್ದು ಅವರ ಕೈಗೆ ಹೋಯಿತು!

"ಇದು ತಾಮ್ರ ಅಲ್ಲ ಕಣ್ಣು," ಎಂದರು ಸಾವಿನ ಸುದ್ದಿ ಹೇಳುವ ದನಿಯಲ್ಲಿ. "ತಾಮ್ರದ ಸೀರೆ ಉಟ್ಕೊಂಡಿರೋ ಕಬ್ಬಿಣ."

"ಫೋಟೋದಲ್ಲಿ ಚೆನ್ನಾಗಿತ್ತು, ಚಿಕ್ಕಮಾವ."

"ಫೋಟೋದಲ್ಲಿ ನಿನ್ ಗಂಡನೂ ರೊಂಬ ಚೆನ್ನಾಗಿದ್ದ. ನೇರಾ ಬಂದು ನೋಡಿದ ಮೇಲೆ ತಾನೇ ಒಪ್ಕೊಂಡೆ?"

ಆಮೇಲೆ ಪಾಠ ಶುರುವಾಯಿತು. ನಿಂತೇ ಹೇಳಿದರು, ನಿಂತೇ ಕೇಳಿಸಿಕೊಂಡೆ. ತಾಮ್ರವನ್ನು ಕಣ್ಣಿನಿಂದ ಕೊಳ್ಳಬಾರದು, ಕೈಯಿಂದ ಕೊಳ್ಳಬೇಕು. ಎತ್ತಿದರೆ ಮಣಿಕಟ್ಟಿಗೆ ಭಾರ ತಿಳಿಯಬೇಕು. ಹೊಳಪು ಹೆಚ್ಚಿದ್ದಷ್ಟೂ ಅನುಮಾನಪಡಬೇಕು, ಮೇಲೆ ವಾರ್ನಿಷ್ ಬಳಿದಿರುತ್ತಾರೆ. ಹಿಡಿ ಅಂಟಿಸಿದ್ದಾಗಿರಬಾರದು, ಮೊಳೆ ಬಡಿದು ಕೂರಿಸಿದ್ದಾಗಿರಬೇಕು. ನೀರಿಡುವ ಬಿಂದಿಗೆ ಬರೀ ತಾಮ್ರವಾದರೂ ಸರಿ, ಅಡುಗೆ ಮಾಡುವುದಕ್ಕೆ ಮಾತ್ರ ಒಳಗೆ ಕಲಾಯಿಯ ಬಿಳಿ ಲೇಪ ಇರಲೇಬೇಕು. ಕಲಾಯಿ ಸವೆದು ಕೆಂಪು ಕಂಡ ಪಾತ್ರೆಗೆ ಹುಣಸೆಹುಳಿ, ಮೊಸರು, ನಿಂಬೆಹಣ್ಣು ಸೋಕಿಸಕೂಡದು. ಹುಣಸೆಹಣ್ಣು ಉಪ್ಪು ಹಾಕಿ ಉಜ್ಜುವುದು ಹೊರಗಡೆಗೆ ಮಾತ್ರ, ಒಳಗೆ ಮೆತ್ತಗಿನ ಬಟ್ಟೆ. ಎಲ್ಲಕ್ಕಿಂತ ಕೊನೆಯ ಪರೀಕ್ಷೆ, ತಟ್ಟಿ ನೋಡುವುದು. ಒಳ್ಳೆ ಪಾತ್ರೆ ಬೆರಳು ತೆಗೆದ ಮೇಲೂ ಹಾಡುತ್ತಿರಬೇಕಂತೆ.

ನನ್ನ ಜಗ್ಗನ್ನು ತಟ್ಟಿದೆವು. ಅದು ಕೆಮ್ಮಿತು. ಈಗ ಅದರಲ್ಲಿ ಕರಿಬೇವಿನ ಗಿಡ ಇದೆ, ಸೊಂಪಾಗಿ ಬೆಳೆದಿದೆ.

ಇಂಥವರ ಜೊತೆ ಸಂಸಾರ ಮಾಡುವ ಚಿಕ್ಕತ್ತೆಯ ಪಾಡೇನು? ಧಾರಾಪುರಂನ ಅವರ ಮನೆಯಲ್ಲಿ ನೀರಿನ ಬಿಂದಿಗೆ, ಹಾಲಿನ ಪಾತ್ರೆ, ಅನ್ನದ ತಪ್ಪಲೆ ಎಲ್ಲವೂ ತಾಮ್ರ. ದೋಸೆಗೆ ಮಾತ್ರ ಕಾವಲಿ ಕಬ್ಬಿಣದ್ದೇ ಆಗಬೇಕು, ಅದು ಅಜ್ಜಿಯ ಕಾಲದ್ದು, ಎತ್ತಲು ಇಬ್ಬರು ಬೇಕು. ಒಮ್ಮೆ ನಾನು ಹೋಗಿದ್ದಾಗ, ಚಿಕ್ಕಮಾವ ಪೇಟೆಗೆ ಹೊರಟ ಕೂಡಲೇ ಚಿಕ್ಕತ್ತೆ ಬೀರು ತೆಗೆದು, ರೇಷ್ಮೆ ಸೀರೆಗಳ ಅಡಿಯಿಂದ ಮಡಿಸಿದ ಟವೆಲ್ ಹೊರತೆಗೆದರು. ಬಿಚ್ಚಿದರೆ ಒಳಗೆ ನಾನ್‌ಸ್ಟಿಕ್ ತವಾ! ಇಬ್ಬರೂ ಬಾಗಿಲು ಹಾಕಿಕೊಂಡು ಕಳ್ಳರಂತೆ ದೋಸೆ ಹುಯ್ದು ತಿಂದೆವು. ಹೊರಗೆ ಗೇಟಿನ ಹತ್ತಿರ ಚಿಕ್ಕಮಾವನ ಕೆಮ್ಮು ಕೇಳಿಸಿತು. ನಾನು ಗಾಬರಿಯಾಗಿ ಎದ್ದೆ.

"ಅವಸರ ಇಲ್ಲ, ತಿನ್ನು," ಎಂದರು ಚಿಕ್ಕತ್ತೆ. "ನಾ ತೊಳ್ದು ಒಳಗಿಡೋವರ್ಗೂ ಅವ್ರು ಅಲ್ಲೇ ನಿಂತ್ಕೊಂಡು ಕೆಮ್ತಿರ್ತಾರೆ."

"ಅಂದ್ರೆ ಅವರಿಗೆ ಗೊತ್ತಾ?"

"ಗೊತ್ತಿಲ್ದೇ? ಆ ತವಾ ತಗೊಂಡಾಗಿಂದಾನೇ ಈ ಕೆಮ್ಮು ಬಂದಿರೋದು!"

ಆನೈಮಲೈ ಕಡೆಯ ಮದುವೆಯ ಕಥೆ ಇದಕ್ಕೂ ದೊಡ್ಡದು. ಚಿಕ್ಕಮಾವ ಮದುಮಗನಿಗೆ ಸೋದರಮಾವ. ಹಾರ ಎತ್ತಿಕೊಡಬೇಕಾದವರು ಅವರೇ. ಮುಹೂರ್ತ ಹತ್ತಿರ ಬಂತು, ಮಂಟಪದಲ್ಲಿ ಸೋದರಮಾವ ಇಲ್ಲ! ಎಲ್ಲಿದ್ದರು? ಹಿಂದುಗಡೆ ಅಡುಗೆ ಶೆಡ್ಡಿನಲ್ಲಿ, ಒಂದು ದೊಡ್ಡ ತಾಮ್ರದ ಹಂಡೆಯೊಳಗೆ ಟಾರ್ಚ್ ಬಿಟ್ಟು ಇಣುಕುತ್ತಿದ್ದರು. ಒಳಗಿನ ಕಲಾಯಿ ಸವೆದು ಕೆಂಪು ಕಾಣುತ್ತಿದೆ, ಅಡುಗೆಯವರು ಅದಕ್ಕೇ ಹುಣಸೆರಸ ಸುರಿಯಲು ಹೊರಟಿದ್ದಾರೆ. ಚಿಕ್ಕಮಾವ ಹಂಡೆಯ ಬಾಯಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತುಬಿಟ್ಟರು.

ಅಡುಗೆಯವರ ಮುಖ್ಯಸ್ಥ ಸೌಟು ಕೆಳಗಿಟ್ಟು, "ನೀಂಗ ಆಫೀಸರುಂಗಳಾ?" ಎಂದು ಕೇಳಿದ, ತಾವು ಅಧಿಕಾರಿಗಳೋ ಎಂದು.

"ಅಲ್ಲ."

"ಹೆಣ್ಣಿನ ಕಡೆಯವ್ರಾ?"

"ಅಲ್ಲ. ರಸ ಉಣ್ಣೋ ಕಡೆಯವನು!"

ಕೊನೆಗೆ ರಸ ಸ್ಟೀಲ್ ಪಾತ್ರೆಗೆ ಹೋಯಿತು. ಯಾರ ಹೊಟ್ಟೆಯೂ ಕೆಡಲಿಲ್ಲ. ಹಾರವನ್ನು ಬೇರೆ ಯಾರೋ ಎತ್ತಿಕೊಟ್ಟರು. ಮದುವೆಯ ಆಲ್ಬಮ್ಮಿನಲ್ಲಿ ಚಿಕ್ಕಮಾವನವರ ಫೋಟೋ ಒಂದೇ ಒಂದಿದೆ, ಹಂಡೆಯ ಪಕ್ಕದಲ್ಲಿ. ಹಂಡೆಯೇ ಚೆನ್ನಾಗಿ ಬಂದಿದೆ.

ಇನ್ನು ನನ್ನ ಗಂಡನ ಪ್ರತಾಪ ಹೇಳದಿದ್ದರೆ ಅನ್ಯಾಯವಾದೀತು. ಚಿಕ್ಕಮಾವ ನಮಗೊಂದು ಕಲಾಯಿ ಹಾಕಿದ ತಾಮ್ರದ ಪಾತ್ರೆ ಕೊಟ್ಟಿದ್ದರು. ಒಂದು ಭಾನುವಾರ ಈ ಮಹಾನುಭಾವರಿಗೆ ಅದರಲ್ಲಿ ಪಾಪ್‌ಕಾರ್ನ್ ಮಾಡುವ ಮನಸ್ಸಾಯಿತು. ಬರೀ ಪಾತ್ರೆಯನ್ನು ದೊಡ್ಡ ಉರಿಯ ಮೇಲಿಟ್ಟು ಕ್ರಿಕೆಟ್ ನೋಡಲು ಹೋದರು. ಬಂದು ನೋಡಿದರೆ ಒಳಗಿನ ಕಲಾಯಿಯೆಲ್ಲ ಕರಗಿ, ಬೆಳ್ಳಿ ಮಣಿಗಳಾಗಿ ತಳದಲ್ಲಿ ಓಡಾಡುತ್ತಿದೆ! ಚಿಕ್ಕಮಾವನಿಗೆ ಸುದ್ದಿ ಮುಟ್ಟಿಸುವವರು ಯಾರು? ನಾವು ಮುಟ್ಟಿಸಲಿಲ್ಲ, ಪಾತ್ರೆಯನ್ನು ಮಂಚದ ಕೆಳಗಿಟ್ಟೆವು. ಮುಂದಿನ ಸಲ ಬಂದವರು ಶೆಲ್ಫಿನಲ್ಲಿ ಅದು ಕಾಣದೆ ಹುಡುಕಿಯೇ ಬಿಟ್ಟರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆವು. ಅವರು ಪಾತ್ರೆಯನ್ನು ಬೆಳಕಿಗೆ ಹಿಡಿದು, ಒಳಗೆ ಕೈಯಾಡಿಸಿ, ಸುಮ್ಮನೆ ಕಂಕುಳಲ್ಲಿ ಇಟ್ಟುಕೊಂಡರು.

"ಕಲಾಯಿ ಹೋದ್ರೆ ಮತ್ತೆ ಹಾಕ್ಸೋದು, ಅಷ್ಟೇದಾನ್," ಎಂದರು. "ತಾಮ್ರ ಎಲ್ಲಿಗೂ ಹೋಗಲ್ಲ."

ಹೀಗಿರುವಾಗ ನಾವು ಊರ ಹೊರಗೆ ಒಂದು ಸಣ್ಣ ಮನೆ ಕಟ್ಟಿಸಿದೆವು. ಗೃಹಪ್ರವೇಶದ ದಿನ ಗೊತ್ತಾಯಿತು. ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ಫಜೀತಿ.

ನನ್ನ ಗಂಡನ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಪಾತ್ರೆ ಆ ಮನೆಯ ಹೆಂಗಸಿನ ತವರಿನಿಂದಲೇ ಬರಬೇಕು. ತಾಮ್ರದ ತಪ್ಪಲೆ. ಇವರ ಬಾಯಲ್ಲಿ "ತವಲೆ". ತವರಿನವರು ಅದರಲ್ಲಿ ಅಕ್ಕಿ ಬೆಲ್ಲ ಹಾಕಿಕೊಂಡು ಬೀದಿಯಲ್ಲಿ ನಡೆದು ಬಂದು ಗೇಟಿನ ಹೊರಗೆ ನಿಲ್ಲುತ್ತಾರೆ. ಗಂಡಿನ ಮನೆಯ ಹಿರಿಯ ಹೆಂಗಸು, ಮುತ್ತೈದೆಯೇ ಆಗಬೇಕೆಂದಿಲ್ಲ, ಹೋಗಿ, ಎಲ್ಲರೆದುರಿಗೆ ಆ ತಪ್ಪಲೆಯನ್ನು ಬೆರಳಿಂದ ತಟ್ಟಿ ಶಬ್ದ ಕೇಳಿ, "ಒಳ್ಳೆ ಮನೆಯದು" ಎಂದರೆ ಆಯಿತು. ಆಗ ಮನೆಯ ಹೆಂಗಸು ಅದನ್ನು ಕೈಯಾರೆ ಇಸಕೊಂಡು ಒಳಗೆ ಹೋಗಬೇಕು.

ನನಗೆ ತವರೆಲ್ಲಿದೆ? ಅಪ್ಪ ಅಮ್ಮ ಇಬ್ಬರೂ ಹೋದರು. ಅಣ್ಣತಮ್ಮ, ಅಕ್ಕತಂಗಿ ಯಾರೂ ಇಲ್ಲ. ತುಮಕೂರಿನದು ಬಾಡಿಗೆ ಮನೆ, ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟು ಬಂದವಳು ನಾನು. ಪ್ರತಿ ವರ್ಷ ನಮ್ಮ ಆಷಾಢದ ಹೊತ್ತಿಗೆ ಇಲ್ಲಿ ಆಡಿ ತಿಂಗಳು ಬರುತ್ತದೆ. ಆಡಿ ನೋಂಬಿ ಎನ್ನುವ ಹಬ್ಬಕ್ಕೆ ತವರಿನವರು ಬಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಓರಗಿತ್ತಿಯರೆಲ್ಲ ಬ್ಯಾಗು ತುಂಬಿಕೊಂಡು ಹೊರಡುವಾಗ ನಾನು ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಾ ತುಂಬಾ ಕೆಲಸವಿದ್ದವಳಂತೆ ಕೂತಿರುತ್ತೇನೆ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನ್ನ ಮಕ್ಕಳಿಗೆ, ಅಂದರೆ ವಿದ್ಯಾರ್ಥಿಗಳಿಗೆ, ಮಾರ್ಕ್ಸ್ ಸ್ವಲ್ಪ ಕಡಿಮೆಯೇ ಬೀಳುತ್ತದೆ.

ಗೃಹಪ್ರವೇಶದ ಮಾತುಕತೆಗೆ ಎಲ್ಲರೂ ಸೇರಿದ್ದಾಗ ತವಲೆಯ ವಿಷಯ ಬಂತು. ಅತ್ತೆ ನನ್ನ ಮುಖ ನೋಡದೆ, "ಈ ಸಲ ನಾವೇ ಒಂದು ತಗೊಂಡು ಮುಂಚೇನೇ ಒಲೆ ಮೇಲಿಟ್ಬಿಡೋಣ. ಯಾರು ತಂದ್ರೆ ಏನು, ಹಾಲು ಉಕ್ಕಿದ್ರೆ ಪೋದುಂ, ಅಷ್ಟು ಸಾಕು," ಎಂದರು. ನನಗೆ ನೋವಾಗಬಾರದೆಂದೇ ಅಷ್ಟು ಮೆತ್ತಗೆ ಹೇಳಿದರು. ಅದಕ್ಕೇ ನೋವಾಯಿತು. "ಹೌದು ಅತ್ತೆ, ಅದಕ್ಕೇನಂತೆ!" ಎಂದು ನಾನು ಬೇಕಾದ್ದಕ್ಕಿಂತ ಜೋರಾಗಿ ನಕ್ಕೆ.

ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದ ಚಿಕ್ಕಮಾವ ನಿಂತರು.

"ತವಲೆ ನನ್ ಜವಾಬ್ದಾರಿ," ಎಂದರು.

ಇಡೀ ಮನೆ ತಲೆ ಮೇಲೆ ಕೈ ಹೊತ್ತುಕೊಂಡಿತು. ಇವರ ಜವಾಬ್ದಾರಿಯಾದರೆ ಗೃಹಪ್ರವೇಶ ಮುಂದಿನ ವರ್ಷಕ್ಕೇ!

ಮಾರನೆಯ ದಿನದಿಂದಲೇ ಬೇಟೆ ಶುರು. ಸ್ಕೂಟರಿನ ಹಿಂದೆ ನಾನು, ಮುಂದೆ ಅವರು, ಅವರ ಜೇಬಿನಲ್ಲಿ ಅಯಸ್ಕಾಂತ. ಆರ್.ಎಸ್. ಪುರಂನ ಪಾತ್ರೆ ಅಂಗಡಿಗಳನ್ನೆಲ್ಲ ಜಾಲಾಡಿದೆವು. ಅಂಗಡಿಯವರೊಬ್ಬರು ದೂರದಿಂದಲೇ ಇವರನ್ನು ಗುರುತಿಸಿ, "ಸೆಂಬು ಸ್ಟಾಕ್ ಇಲ್ಲೀಂಗ!" ಎಂದು, ತಾಮ್ರವೇ ಇಲ್ಲವೆನ್ನುವಂತೆ, ಕೈ ಆಡಿಸಿದರು. ಅವರ ಹಿಂದೆಯೇ ತಾಮ್ರದ ಪಾತ್ರೆಗಳು ಸೂರಿನವರೆಗೂ ಪೇರಿಸಿದ್ದವು! ಚಿಕ್ಕಮಾವನಿಗೆ ಅವಮಾನವೇ ಆಗುವುದಿಲ್ಲ. ಒಳಗೆ ಹೋಗಿ ತಟ್ಟತೊಡಗಿದರು.

"ಇದು ತೆಳು. ಹಾಲು ತಳ ಹಿಡೀತದೆ."

"ಇದರ ಕಲಾಯಿ ಒಂದು ಕಡೆ ದಪ್ಪ, ಒಂದು ಕಡೆ ಇಲ್ಲ."

"ಇದು ಸರಿ ಅದೆ... ಇಲ್ಲ, ಸರಿ ಇಲ್ಲ. ದನಿ ಗಂಟಲಲ್ಲೇ ನಿಂತ್ಹೋಗ್ತದೆ."

ಬಿಸಿಲು ನೆತ್ತಿಗೆ ಬಂದಿತ್ತು. ಮಧ್ಯಾಹ್ನ ನನಗೆ ಕ್ಲಾಸಿತ್ತು. ನನ್ನ ತಾಳ್ಮೆ ಅಂಗಡಿಯ ಬಾಗಿಲಲ್ಲೇ ಮುಗಿದಿತ್ತು. "ಚಿಕ್ಕಮಾವ, ಹಾಲು ಉಕ್ಕಿಸೋಕೆ ತಾನೆ? ಗುಡಿಗೆ ಗಂಟೆ ಕಟ್ಟಿಸೋಕಲ್ವಲ್ಲ!" ಎಂದೆ.

"ಅಣ್ಣಿ ತಟ್ಟಿ ನೋಡ್ತಾರೆ ಕಣ್ಣು," ಎಂದರು ಗಂಭೀರವಾಗಿ. ಅಣ್ಣಿ ಎಂದರೆ ಅತ್ತಿಗೆ, ನನ್ನ ಅತ್ತೆ.

"ಅತ್ತೆ ಯಾಕೆ ತಟ್ತಾರೆ? ಹೊರಗಿಂದ ತಂದ್ರೆ ತಾನೆ ತಟ್ಟೋದು? ನಾವೇ ತಗೊಂಡು ಒಲೆ ಮೇಲಿಡೋ ಪಾತ್ರೆ!"

ಅವರು ಮುಂದಿನ ಪಾತ್ರೆ ಎತ್ತಿಕೊಂಡರು. ಮುಂದೆ ಅವರೊಬ್ಬರೇ ಪೊಳ್ಳಾಚಿ ಅಂದರು, ತಿರುಪ್ಪೂರು ಅಂದರು, ಇನ್ನೆಲ್ಲೆಲ್ಲಿಗೋ ಹೋದರು. ನಾನು ಪಾಠ ಮಾಡುವಾಗ ವಿಡಿಯೋ ಕಾಲ್ ಮಾಡಿ, "ಕೇಳು ಕಣ್ಣು, ಟಣ್... ಹೆಂಗದೆ?" ಎಂದು ಫೋನಿಗೇ ಪಾತ್ರೆ ಬಾರಿಸುತ್ತಿದ್ದರು. ಚೆನ್ನಾಗಿದೆ ಎಂದರೂ, "ಇಲ್ಲ, ನಿಂಗೆ ಕೇಳಿಸ್ತಿಲ್ಲ," ಎಂದು ಇಟ್ಟುಬಿಡುತ್ತಿದ್ದರು. ದಿನ ಹತ್ತಿರ ಬರುತ್ತಿತ್ತು. ಗಾರೆ ಆಯಿತು, ಬಣ್ಣ ಆಯಿತು, ಅಡುಗೆಯವರು ಗೊತ್ತಾದರು, ತವಲೆ ಮಾತ್ರ ಇಲ್ಲ.

ಕೊನೆಗೆ ರೋಸಿಹೋಗಿ ಚಿಕ್ಕತ್ತೆಗೆ ಫೋನ್ ಮಾಡಿದೆ. ಅವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು.

"ನಿಂಗೆ ಗೊತ್ತಿಲ್ಲ. ನಾವಿರೋ ಈ ಮನೆ ಕಟ್ಟಿದಾಗ ನಮ್ಮಪ್ಪ ಒಂದು ತವಲೆ ತಂದ್ರು. ಅವ್ರ ಕೈಲಿ ಆದಷ್ಟು. ನಮ್ಮತ್ತೆ ಎಲ್ಲರ ಮುಂದೆ ತಟ್ಟಿದ್ರು. ಅದು ಒಡ್ದ ಮಡಕೆ ಥರ ಡಬ್ ಅಂತು. ಹೆಣ್ಣಿನ ಮನೆ ಇಷ್ಟೇದಾನ್ ಅಂದ್ಬಿಟ್ರು. ಅಪ್ಪ ಊಟ ಮಾಡದೆ ಹೊರಟ್ಹೋದ್ರು. ನಾ ಮೂಲೇಲಿ ಕೂತು ಅತ್ಬಿಟ್ಟೆ. ನಿಮ್ ಚಿಕ್ಕಮಾವ ಆವಾಗ ಏನೂ ಮಾತಾಡ್ಲಿಲ್ಲ. ಅಮ್ಮನ ಎದುರು ಎಂಗೆ ಮಾತಾಡ್ತಾರೆ? ಆವತ್ತಿಂದ ಕಂಡ ಪಾತ್ರೆಯೆಲ್ಲ ತಟ್ಕೊಂಡು ಓಡಾಡ್ತವ್ರೆ."

ಇಷ್ಟು ವರ್ಷ ನಾವೆಲ್ಲ ಕೂತು ನಕ್ಕ ಆ ಟಕ್ ಟಕ್ ನನಗೆ ಬೇರೆ ಥರ ಕೇಳಿಸತೊಡಗಿತು. ಚಿಕ್ಕಮಾವನ ಮೇಲೆ ಸಿಟ್ಟು ಮಾಡಲು ಆಮೇಲೆ ಆಗಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ. ಪೂಜೆ ಮುಗಿಯುತ್ತಾ ಬಂತು. ನೆಂಟರೆಲ್ಲ ಬಂದಿದ್ದಾರೆ, ಚಿಕ್ಕಮಾವ ಮಾತ್ರ ಇಲ್ಲ! ಫೋನ್ ಮಾಡಿದರೆ ಎತ್ತುತ್ತಿಲ್ಲ. ಪುರೋಹಿತರು ಗಡಿಯಾರ ನೋಡಿಕೊಂಡರು. ಅತ್ತೆ ನಿಟ್ಟುಸಿರು ಬಿಟ್ಟು ಒಂದು ಸ್ಟೀಲ್ ಪಾತ್ರೆಯನ್ನೇ ತೊಳೆದು ಒಲೆಯ ಮೇಲಿಟ್ಟರು. ನನ್ನ ಗಂಡ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದರು. "ಪರವಾಗಿಲ್ಲ," ಎಂದೆ ನಾನು. ಯಾರೂ ಏನೂ ಕೇಳಿರಲಿಲ್ಲ.

ಆಗ ಹೊರಗೆ ಮಕ್ಕಳು ಕೂಗಿದರು. ಬಾಗಿಲಿಗೆ ಬಂದು ನೋಡಿದೆ. ರಸ್ತೆಯ ಆ ತುದಿಯಲ್ಲಿ ಕಾರು ನಿಲ್ಲಿಸಿ, ಬಿಸಿಲಿನಲ್ಲಿ ನಡೆದುಕೊಂಡು ಬರುತ್ತಿದ್ದಾರೆ ಚಿಕ್ಕಮಾವ. ಗರಿಗರಿ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ. ಪಕ್ಕದಲ್ಲಿ ಸೀರೆ, ಬಾಳೆಹಣ್ಣು, ತೆಂಗಿನಕಾಯಿಯ ತಟ್ಟೆ ಹಿಡಿದ ಚಿಕ್ಕತ್ತೆ. ಚಿಕ್ಕಮಾವನ ಎರಡೂ ಕೈಯಲ್ಲಿ ಎದೆಗವಚಿಕೊಂಡ ತಾಮ್ರದ ತಪ್ಪಲೆ. ಬಂದವರು ಗೇಟಿನ ಹೊರಗೇ ನಿಂತರು. ಎಂದಾದರೂ ಅಲ್ಲಾಡದೆ ನಿಲ್ಲುವ ಮನುಷ್ಯರೇ ಅವರು? ಆದರೆ ನಿಂತರು.

ಅತ್ತೆ ರೇಗಿದರು. "ಇಷ್ಟೊತ್ತು ಮಾಡ್ಕೊಂಡು ಬಂದು ಅಲ್ಲ್ಯಾಕೆ ನಿಂತ್ರಿ? ಒಳಗೆ ಬನ್ನಿ!"

"ನಾ ನಿಮ್ ಮೈದುನನಾಗಿ ಬಂದಿಲ್ಲ ಅಣ್ಣಿ," ಎಂದರು ಚಿಕ್ಕಮಾವ. "ಹೆಣ್ಣಿನ ಮನೆಯಿಂದ ಬಂದಿವ್ನಿ. ತವಲೆ ತಂದಿವ್ನಿ. ನೀವು ಬಂದು ಕರೆದ್ರೆ ಒಳಗೆ ಬತ್ತೀವಿ."

ಅತ್ತೆ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ಸೆರಗು ಹೊದ್ದುಕೊಂಡು, ಕುಂಕುಮದ ಬಟ್ಟಲು ತೆಗೆದುಕೊಂಡು, ಮೆಟ್ಟಿಲಿಳಿದು ಗೇಟಿಗೆ ಹೋದರು. ಕೈ ಮುಂದೆ ಚಾಚಿದರು.

"ಮೊದ್ಲು ಆ ಮ್ಯಾಗ್ನೆಟ್ ಕೊಡಿ."

ಚಿಕ್ಕಮಾವ ಜೇಬಿನಿಂದ ಅಯಸ್ಕಾಂತ ತೆಗೆದುಕೊಟ್ಟರು. ಅತ್ತೆ ಅದನ್ನು ತಪ್ಪಲೆಯ ಸುತ್ತ ಆಡಿಸಿದರು. ಅಂಟಲಿಲ್ಲ. ಒಳಗಿನ ಅಕ್ಕಿ ಬೆಲ್ಲವನ್ನು ತಟ್ಟೆಗೆ ಸುರಿದು ಕಲಾಯಿಯ ಮೇಲೆ ಬೆರಳಾಡಿಸಿದರು. ಎತ್ತಿ ಭಾರ ನೋಡಿದರು. ಊರಿನ ಪಾತ್ರೆಗಳಿಗೆಲ್ಲ ತಪ್ಪು ಹಿಡಿದ ನಮ್ಮ ಚಿಕ್ಕಮಾವ ಪರೀಕ್ಷೆಗೆ ಬಂದ ಹುಡುಗನಂತೆ ಕೈ ಕಟ್ಟಿ ನಿಂತಿದ್ದರು, ಹಣೆಯಲ್ಲಿ ಬೆವರು. ಅತ್ತೆ ಬೆರಳು ಮಡಚಿದಾಗ ಅವರು ಕಣ್ಣು ಮುಚ್ಚಿಕೊಂಡರು. ಚಿಕ್ಕತ್ತೆಯೂ ಮುಚ್ಚಿಕೊಂಡರು.

ಅತ್ತೆ ತಟ್ಟಿದರು. ಆ ಶಬ್ದ ಗೇಟು ದಾಟಿ, ಅಂಗಳ ದಾಟಿ, ಬಾಗಿಲಲ್ಲಿ ನಿಂತಿದ್ದ ನನ್ನವರೆಗೂ ಬಂದು ಇನ್ನೂ ಮುಂದಕ್ಕೆ ಹೋಯಿತು. ಬೆರಳು ತೆಗೆದ ಮೇಲೂ ಹಾಡುತ್ತಿತ್ತು.

"ಒಳ್ಳೆ ಮನೆಯದು," ಎಂದರು ಅತ್ತೆ. "ರೊಂಬ ಒಳ್ಳೆ ಮನೆಯದು. ಬನ್ನಿ, ಒಳಗೆ ಬನ್ನಿ."

ನಾನು ಹೋಗಿ ಕೈಯೊಡ್ಡಿ ತಪ್ಪಲೆ ಇಸಕೊಂಡೆ. ಅಳು ಬಂತು, ಅತ್ತುಬಿಟ್ಟೆ. ಬಂದ ನೆಂಟರೆಲ್ಲ ನೋಡಲಿ, ನನಗೇನು! ನನ್ನ ತವರಿನವರು ಬಂದಿದ್ದರು.

"ಎಲ್ಲಿ ಸಿಕ್ತು ಚಿಕ್ಕಮಾವ, ಇಂಥ ತಪ್ಪಲೆ?" ಎಂದು ಆಮೇಲೆ ಕೇಳಿದೆ. "ತವರಿನವ್ರು ಎಲ್ಲಿಂದ ತಂದ್ರು ಅಂತ ಯಾರಾದ್ರೂ ಕೇಳ್ತಾರಾ?" ಎಂದು ಗದರಿಸಿದರು. ಇವತ್ತಿನವರೆಗೂ ಹೇಳಿಲ್ಲ.

ತವರಿನ ಕಡೆಯವರು ಆ ದಿನ ಕೆಲಸ ಮಾಡುವ ಹಾಗಿಲ್ಲ, ಅಡುಗೆಮನೆಗೂ ಬರುವ ಹಾಗಿಲ್ಲ. ಹಾಸಿದ ಜಮಖಾನದ ಮೇಲೆ ಕೂರಬೇಕು. ಚಿಕ್ಕಮಾವ ಕೂತರು! ಮೊಣಕಾಲಿನ ಮೇಲೆ ಬೆರಳು ಕುಣಿಯುತ್ತಿತ್ತು, ಪಾದ ತಾಳ ಹಾಕುತ್ತಿತ್ತು, ಆದರೂ ಕೂತರು. ಅಲ್ಲಿಂದಲೇ ಕೂಗಿದರು, "ಕಣ್ಣು, ಮೊದ್ಲು ಹಾಲು ಹುಯ್ಯಿ, ಆಮೇಲೆ ಉರಿ ಹಚ್ಚು! ಬರೀ ತವಲೆ ಇಡ್ಬೇಡ! ಆ ಪಾಪ್‌ಕಾರ್ನ್‌ನವನನ್ನ ಒಲೆ ಹತ್ರ ಬಿಡ್ಬೇಡ!"

ಹಾಲು ಉಕ್ಕಿತು. ಮೊದಲ ಲೋಟ ತವರಿನವರಿಗೆ. ಅವಸರದಲ್ಲಿ ಕೈಗೆ ಸಿಕ್ಕಿದ ಸ್ಟೀಲ್ ಲೋಟಕ್ಕೇ ಸುರಿದು ತಂದುಬಿಟ್ಟಿದ್ದೆ. ಕೊಟ್ಟ ಮೇಲೆ ನೋಡಿಕೊಂಡು ನಾಲಿಗೆ ಕಚ್ಚಿಕೊಂಡೆ. ಚಿಕ್ಕಮಾವ ಲೋಟವನ್ನು ನೋಡಿದರು. ಬೆರಳು ಮಡಚಿತು, ಮತ್ತೆ ಬಿಚ್ಚಿಕೊಂಡಿತು. ಸುಮ್ಮನೆ ಎತ್ತಿ ಕುಡಿದರು.

"ಏನೂ ಹೇಳಲ್ವಾ ಚಿಕ್ಕಮಾವ?"

"ಹೆಣ್ಣು ಕೊಟ್ಟ ಮನೇಲಿ ತಪ್ಪು ಹಿಡೀಬಾರ್ದು ಕಣ್ಣು," ಎಂದು ಬಾಯಿ ಒರೆಸಿಕೊಂಡರು. ಆಮೇಲೆ ಅತ್ತೆಯ ಕಡೆ ತಿರುಗಿ ಹೇಳಿದರು, "ಆಡಿ ನೋಂಬಿಗೆ ಕರೆಯಕ್ಕೆ ಬತ್ತೀನಿ ಅಣ್ಣಿ. ಮಗಳನ್ನ ಕಳಿಸ್ಕೊಡ್ಬೇಕು."

"ಕಳಿಸ್ದೆ ಏನು? ಕರ್ಕೊಂಡು ಹೋಗಿ," ಎಂದರು ಅತ್ತೆ.

ಹಾಗಾಗಿ ಹೊಸ ಮನೆಗೆ ಕಾಲಿಟ್ಟ ದಿನವೇ ನಾನು ಅದನ್ನು ಬಿಟ್ಟು ತವರಿಗೆ ಹೋಗುವ ದಿನ ಎಣಿಸತೊಡಗಿದೆ.